ಎತ್ತರದ ಹುಡುಗ ಸಿಕ್ಕಿದ್ದಾನೆ, ಸರಿ. ಚೆಂಡು ತರೋರು ಯಾರು? ದಕ್ಷಿಣ ಬೆಂಗಳೂರಿನ ಕಾಲೇಜು ಗಾರ್ಡ್‌ಗಳ ಹೊಸ ಸೀಸನ್

ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣ ಬೆಂಗಳೂರಿನ ಯಾವುದಾದರೂ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಸಂಜೆ ಹೋಗಿ ನಿಂತರೆ ಮೊದಲು ಕಾಣುವುದು ಚೆಂಡಲ್ಲ, ವೈಪರ್. ಮಧ್ಯಾಹ್ನ ಸುರಿದ ಮಳೆಯ ನೀರನ್ನು ಇಬ್ಬರು ಜೂನಿಯರ್‌ಗಳು ಕಾಂಕ್ರೀಟ್ ಮೇಲಿಂದ ತಳ್ಳುತ್ತಿರುತ್ತಾರೆ. ನೆಲ ಅರ್ಧ ಒಣಗುವಷ್ಟರಲ್ಲಿ ಕತ್ತಲಾಗುತ್ತದೆ. ಊರಲ್ಲಿ ಅತಿ ಹೆಚ್ಚು ಮಳೆ ಬೀಳುವ ಎರಡು ತಿಂಗಳು, ಕಾಲೇಜು ತಂಡಗಳು ಸಿದ್ಧವಾಗಬೇಕಾದ ಎರಡು ತಿಂಗಳೂ ಹೌದು. ಸೆಂಟರ್ ಆಡುವ ಹುಡುಗ ಒದ್ದೆ ನೆಲದಲ್ಲೂ ಬೋರ್ಡ್ ಕೆಳಗೆ ನಿಂತು ಏನೋ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಡ್ರಿಬಲ್ ಮಾಡಬೇಕಾದ ಗಾರ್ಡ್ ಮಾತ್ರ ಕೈಕಟ್ಟಿ ಕೂರಬೇಕು. ಜಾರಿ ಬಿದ್ದು ಮಂಡಿ ಹೋದರೆ ಸೀಸನ್ನೇ ಮುಗೀತು.

ಈ ವರ್ಷವೂ ಎಲ್ಲೆಡೆ ಕೇಳಿಬರುತ್ತಿರುವ ಸುದ್ದಿ ಒಂದೇ ಥರದ್ದು. ಆ ಕಾಲೇಜಿಗೆ ಆರಡಿ ಐದಿಂಚಿನವನು ಬಂದಿದ್ದಾನಂತೆ, ಈ ವಿಶ್ವವಿದ್ಯಾಲಯಕ್ಕೆ ಹೊರರಾಜ್ಯದ ಇಬ್ಬರು ದೊಡ್ಡ ಹುಡುಗರು ಸೇರಿದ್ದಾರಂತೆ. ಚೆಂಡನ್ನು ಅವರ ತನಕ ಮುಟ್ಟಿಸೋರು ಯಾರು ಅಂತ ಕೇಳಿ ನೋಡಿ. "ಅದೇನು ಸಾರ್, ಯಾರಾದ್ರೂ ತರ್ತಾರೆ" ಅನ್ನುವ ಉತ್ತರ ಬರುತ್ತದೆ. ನನ್ನ ಲೆಕ್ಕದಲ್ಲಿ ಈ ಸೀಸನ್ನಿನ ಸೋಲು ಗೆಲುವು ನಿಂತಿರುವುದೇ ಆ 'ಯಾರಾದ್ರೂ' ಮೇಲೆ.

ಆಟ ಅಷ್ಟಾಗಿ ನೋಡದವರಿಗೆ ಒಂದು ಮಾತು. ಗಾರ್ಡ್ ಅಂದ ಕೂಡಲೇ ಗೇಟ್ ಕಾಯುವವನು ನೆನಪಾದರೆ ತಪ್ಪಿಲ್ಲ, ಆದರೆ ಕೆಲಸ ಬೇರೆ. ಯಕ್ಷಗಾನದ ಭಾಗವತರ ಹಾಗೆ ಆಟದ ಗತಿ ಇವನ ಕೈಯಲ್ಲಿರುತ್ತದೆ. ಚಪ್ಪಾಳೆ ಮಾತ್ರ ಕುಣಿದವರಿಗೆ. ತಮ್ಮ ಬುಟ್ಟಿಯ ಕಡೆಯಿಂದ 8 ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆತ ಹೋಗಬೇಕು. ಎಸೆತ ರಿಂಗಿಗೆ ತಗುಲಿ ತಪ್ಪಿ, ಚೆಂಡು ಮತ್ತೆ ದಾಳಿಯ ತಂಡಕ್ಕೇ ಸಿಕ್ಕರೆ ಉಳಿಯುವುದು 14 ಸೆಕೆಂಡ್. ನಮ್ಮ ಹುಡುಗರು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ನೋಡುವ ಅಮೆರಿಕದ ಕಾಲೇಜು ಪುರುಷರ ಆಟದಲ್ಲಿ 30 ಸೆಕೆಂಡ್ ಇರುತ್ತದೆ. ಅಲ್ಲಿ ಚೆಂದ ಕಾಣುವ ನಿಧಾನ ಇಲ್ಲಿಗೆ ಬಂದರೆ ದುಬಾರಿ ಬೀಳುತ್ತದೆ. ಆ ಆರು ಸೆಕೆಂಡ್ ವ್ಯತ್ಯಾಸವನ್ನು ನಮ್ಮ ಎರಡನೇ ವರ್ಷದ ಗಾರ್ಡ್‌ಗಳು ಪಂದ್ಯದಲ್ಲಿ ಬೈಸಿಕೊಂಡೇ ಕಲಿಯುತ್ತಾರೆ.

ಈಗ ಸ್ಥಳೀಯ ಚಿತ್ರಕ್ಕೆ ಬರೋಣ. ಜಯನಗರ ಒಂಬತ್ತನೇ ಬ್ಲಾಕಿನಿಂದ ಹೊರಟು ಬನಶಂಕರಿ, ಕುಮಾರಸ್ವಾಮಿ ಲೇಔಟ್, ಬಸವನಗುಡಿ ಸುತ್ತಿ ಬಿಟಿಎಂ ಪಕ್ಕದ ಹೊಸೂರು ರಸ್ತೆಗೆ ಬಂದರೆ ಬೈಕಿನಲ್ಲಿ ಅರ್ಧ ದಿನವೂ ಬೇಡ. ಟ್ರಾಫಿಕ್ ಒಪ್ಪಿದರೆ. ಇಷ್ಟರೊಳಗೆ ಜೈನ್ ಇದೆ, ಕ್ರೈಸ್ಟ್ ಇದೆ, ಪಿಇಎಸ್ ಇದೆ, ದಯಾನಂದ ಸಾಗರ್ ಇದೆ, ಬುಲ್ ಟೆಂಪಲ್ ರಸ್ತೆಯ ಬಿಎಂಎಸ್, ಕೆ.ಆರ್. ರಸ್ತೆಯ ಬಿಐಟಿ, ಜಯನಗರದ ನ್ಯಾಷನಲ್, ವಿಜಯಾ, ಎನ್‌ಎಂಕೆಆರ್‌ವಿ ಕಾಲೇಜುಗಳಿವೆ. ಹುಡುಗರು ಬೆಳೆದದ್ದು ಒಂದೇ ಪಾರ್ಕು, ಒಂದೇ ಕ್ಲಬ್ಬುಗಳಲ್ಲಿ. ಪಿಯುಸಿ ಮುಗಿದ ಮೇಲೆ ಯಾವ ಗೇಟಿನೊಳಗೆ ಕಾಲಿಟ್ಟರು ಅನ್ನುವುದರ ಮೇಲೆ ಮಾತ್ರ ಅವರ ಬ್ಯಾಸ್ಕೆಟ್‌ಬಾಲ್ ಭವಿಷ್ಯ ಪೂರ್ತಿ ಬೇರೆಯಾಗುತ್ತದೆ.

ಹೇಗೆ ಅಂತೀರಾ? ಭಾರತದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅನ್ನುವುದು ನಿಜದಲ್ಲಿ ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯ ಟೂರ್ನಿಯಲ್ಲಿ ಮೊದಲ ನಾಲ್ಕರಲ್ಲಿ ನಿಂತರೆ ಅಖಿಲ ಭಾರತ ಮಟ್ಟ, ಅಲ್ಲಿ ಮೊದಲ ಎಂಟರಲ್ಲಿ ಬಂದರೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಮೆಟ್ಟಿಲು ಇಷ್ಟೇ. ಕ್ರೈಸ್ಟ್ 2008ರಲ್ಲಿ, ಜೈನ್ 2009ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳಾದವು. ಪಿಇಎಸ್ 2013ರಲ್ಲಿ ಖಾಸಗಿ ವಿಶ್ವವಿದ್ಯಾಲಯವಾಯಿತು. ಇಲ್ಲಿ ಸೇರಿದ ಗಾರ್ಡ್ ತನ್ನ ಕ್ಯಾಂಪಸ್ ತಂಡದಲ್ಲಿ ಜಾಗ ಗಿಟ್ಟಿಸಿಕೊಂಡರೆ ನೇರವಾಗಿ ದಕ್ಷಿಣ ವಲಯಕ್ಕೆ ಹೋಗುತ್ತಾನೆ. ಬಿಎಂಎಸ್ ಅಥವಾ ಬಿಐಟಿಗೆ ಸೇರಿದವನ ಕಥೆ ಬೇರೆ. ಅವನದು ವಿಟಿಯು. ರಾಜ್ಯದ ಉದ್ದಗಲಕ್ಕೂ ಹರಡಿರುವ ಸುಮಾರು 200 ಕಾಲೇಜುಗಳ ನಡುವೆ ಆಯ್ಕೆ ಸಮಿತಿಯ ಕಣ್ಣಿಗೆ ಬೀಳಬೇಕು. ಇನ್ನು ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಹೋಳಾದ ಮೇಲೆ ಪದವಿ ಕಾಲೇಜುಗಳ ಹುಡುಗರೂ ಮೂರು ಪಾಲಾದರು. ಒಂದು ಕಾಲದಲ್ಲಿ ಇಡೀ ಊರಿನ ಆಟಗಾರರಿಂದ ಕಟ್ಟುತ್ತಿದ್ದ ತಂಡ ಅದು.

ಇದರ ಪೆಟ್ಟು ಎಲ್ಲ ಆಟಗಾರರಿಗೂ ಒಂದೇ ಥರ ಬೀಳುವುದಿಲ್ಲ. ವಿಟಿಯುವಿನಂಥ ಕಡೆ ಆಯ್ಕೆಯಾದ ಹುಡುಗರು ಬೇರೆಬೇರೆ ಊರುಗಳಿಂದ ಬಂದು ಕೆಲವೇ ದಿನಗಳ ಶಿಬಿರದಲ್ಲಿ ಒಟ್ಟಿಗೆ ಆಡಿ ಟೂರ್ನಿಗೆ ಬಸ್ಸು ಹತ್ತುತ್ತಾರೆ. ರಿಬೌಂಡ್ ಹಿಡಿಯುವವನಿಗೆ ಪಕ್ಕದವನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಪಾಯಿಂಟ್ ಗಾರ್ಡ್‌ಗೆ ನಡೆಯುವುದಿಲ್ಲ. ಬೆಳಗಾವಿಯಿಂದ ಬಂದ ಸೆಂಟರ್‌ಗೆ ಚೆಂಡು ಎದೆಯ ಎತ್ತರಕ್ಕೆ ಬೇಕೋ ತಲೆಯ ಮೇಲೆ ಬೇಕೋ, ಮಂಗಳೂರಿನ ಶೂಟರ್ ಸ್ಕ್ರೀನ್ ಸುತ್ತಿ ಬಲಕ್ಕೆ ಬರುತ್ತಾನೋ ಎಡಕ್ಕೋ, ಇದನ್ನೆಲ್ಲ ಹತ್ತು ದಿನದಲ್ಲಿ ಕಲಿಯಲು ಆಗುತ್ತಾ? ಮೊದಲ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ನಾಲ್ಕು ಪಾಸ್ ಕೈತಪ್ಪಿದರೆ ಸ್ಕೋರ್‌ಶೀಟು, ಕೋಚು, ಗ್ಯಾಲರಿ ಎಲ್ಲರೂ ತೋರಿಸುವುದು ಗಾರ್ಡನ್ನೇ. ವರ್ಷಪೂರ್ತಿ ಒಂದೇ ಹಾಸ್ಟೆಲಿನಲ್ಲಿ ಉಂಡು ಒಂದೇ ಅಂಕಣದಲ್ಲಿ ಆಡಿದ ತಂಡದ ಎದುರು ಇವರು ಸೋತರೆ ಅದನ್ನು ಪ್ರತಿಭೆಯ ಕೊರತೆ ಅಂತ ಬರೆಯುವುದು ಅನ್ಯಾಯ.

ಹಾಗಾದರೆ ಈ ಸಲದ ಲಾಭ ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಗಾರ್ಡ್‌ಗಳಿಗೇ ಅಲ್ಲವೇ? ಹೌದು, ಆದರೆ ಒಂದು ಕೊಕ್ಕೆ ಇದೆ. 2022ರ ಏಪ್ರಿಲ್-ಮೇನಲ್ಲಿ ಬೆಂಗಳೂರಲ್ಲೇ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಸಮಗ್ರ ಚಾಂಪಿಯನ್ ಆಯಿತು. ಅದರಲ್ಲಿ ಈಜಿನ ಪಾಲು ದೊಡ್ಡದು. ಈಜುಗಾರ ಶಿವ ಶ್ರೀಧರ್ ಒಬ್ಬರೇ 7 ಚಿನ್ನ ತಂದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ 12 ಜನರನ್ನು ವರ್ಷವಿಡೀ ಸಾಕಿ, ಎಲ್ಲ ಪಂದ್ಯ ಗೆದ್ದರೂ ಪದಕಪಟ್ಟಿಗೆ ಸೇರುವುದು ಒಂದೇ ಒಂದು ಚಿನ್ನ. ವಿಶ್ವವಿದ್ಯಾಲಯಗಳ ಪೈಪೋಟಿ ಪದಕಪಟ್ಟಿಯಲ್ಲೇ ಅಳೆಯಲ್ಪಡುವಾಗ, ಆಡಳಿತದ ಕುರ್ಚಿಯಲ್ಲಿ ಕೂತವರು ಯಾರೇ ಆಗಲಿ, ತಂಡದ ಆಟಕ್ಕೆ ಕೈ ಬಿಚ್ಚುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ತಂಡಕ್ಕೆ ಸಿಕ್ಕ ಆರೇಳು ಶುಲ್ಕ ರಿಯಾಯಿತಿ ಸೀಟುಗಳಲ್ಲಿ ಮೊದಲು ತುಂಬುವುದು ಎತ್ತರ. ಎತ್ತರವನ್ನು ಕಲಿಸಲು ಆಗುವುದಿಲ್ಲ, ಗಾರ್ಡ್ ಆಟವನ್ನು ಕಲಿಸಬಹುದು ಅನ್ನುವ ತರ್ಕ. ತರ್ಕ ಸರಿಯೇ ಇದೆ. ಕಲಿಸುವುದೊಂದು ಆಗುತ್ತಿಲ್ಲ, ಅಷ್ಟೇ.

ಉಳಿದ ಒಂದೋ ಎರಡೋ ಸೀಟಿಗೆ ಹೊರಗಿನಿಂದ ಪಳಗಿದ ಗಾರ್ಡ್ ಬರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನೈನಿಂದಲೋ ಕೇರಳದಿಂದಲೋ ಬಂದ ಹುಡುಗ ಅಲ್ಲಿನ ಶಾಲಾ ಟೂರ್ನಿಗಳಲ್ಲಿ ನೂರಾರು ಪಂದ್ಯ ಆಡಿ ಬಂದಿರುತ್ತಾನೆ, ಆಡಲಿ. ಪ್ರಶ್ನೆ ಇರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಮ್ಮ ಹುಡುಗ ಅವನ ಮುಂದೆ ಯಾಕೆ ಮಂಕಾಗುತ್ತಾನೆ ಅನ್ನುವುದರಲ್ಲಿ. ನಾನು ಗಮನಿಸಿದ ಮಟ್ಟಿಗೆ ಉತ್ತರ ಅಂಕಣದ ಉದ್ದದಲ್ಲಿದೆ. ಪೂರ್ಣ ಅಂಕಣ 28 ಮೀಟರ್. ನಮ್ಮ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಕಟ್ಟುತ್ತಿರುವುದು ಒಂದು ಬುಟ್ಟಿಯ ಅರ್ಧ ಅಂಕಣ. ಟೋಕಿಯೊ ಒಲಿಂಪಿಕ್ಸ್‌ಗೆ 3x3 ಸೇರಿದ ಮೇಲೆ ಅದಕ್ಕೊಂದು ಗೌರವವೂ ಬಂತು. ವಾರಾಂತ್ಯಕ್ಕೊಂದು 3x3 ಟೂರ್ನಿ, ಟೀಶರ್ಟು, ಡಿಜೆ. ಒಳ್ಳೆಯದೇ. ಅಲ್ಲಿ ಹುಡುಗರು ಶೂಟಿಂಗ್ ಕಲಿಯುತ್ತಾರೆ, ಒಬ್ಬರ ಮೇಲೊಬ್ಬರು ಆಡುವ ಧೈರ್ಯ ಕಲಿಯುತ್ತಾರೆ. ಆದರೆ ಅರ್ಧ ಅಂಕಣದಲ್ಲಿ ನಡುಗೆರೆಯೇ ಇಲ್ಲ. ಇಬ್ಬರು ಮೈಮೇಲೆ ಬಿದ್ದಿರುವಾಗ 8 ಸೆಕೆಂಡಿನಲ್ಲಿ ಚೆಂಡನ್ನು ದಾಟಿಸುವ ಪ್ರಸಂಗವೇ ಬರುವುದಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ದಕ್ಷಿಣ ವಲಯದಲ್ಲಿ ಚೆನ್ನೈ ತಂಡವೊಂದು ಪೂರ್ಣ ಅಂಕಣದ ಪ್ರೆಸ್ ಹಾಕಿದಾಗ ನಮ್ಮವನು ಮೊದಲ ಬಾರಿಗೆ ಆ ಪರೀಕ್ಷೆಗೆ ಕೂರುತ್ತಾನೆ. ಎಡಗೈ ಡ್ರಿಬಲ್ ಅಲ್ಲೇ ಕೈಕೊಡುತ್ತದೆ.

ಮದ್ರಾಸ್ ವಿಶ್ವವಿದ್ಯಾಲಯ, ಎಸ್‌ಆರ್‌ಎಂ, ಕೇರಳದ ತಂಡಗಳು ದಕ್ಷಿಣ ವಲಯದಲ್ಲಿ ಹಿಂದಿನಿಂದಲೂ ಬಲವಾಗಿವೆ. ಆ ನಾಲ್ಕು ಜಾಗಗಳಲ್ಲಿ ಒಂದನ್ನು ಕಿತ್ತುಕೊಳ್ಳಬೇಕಾದರೆ ಬೆಂಗಳೂರಿನ ತಂಡ ಪ್ರೆಸ್ ಮುರಿಯುವುದನ್ನು ಕಲಿಯಲೇಬೇಕು.

ಇಂಜಿನಿಯರಿಂಗ್ ಕಾಲೇಜುಗಳ ಗಾರ್ಡ್‌ಗಳ ವಿಷಯಕ್ಕೆ ಬಂದರೆ ಎದುರಾಳಿ ಅಂಕಣದ ಹೊರಗಿದ್ದಾನೆ. ಅವನ ಹೆಸರು ಪ್ಲೇಸ್‌ಮೆಂಟ್. ಪಾಯಿಂಟ್ ಗಾರ್ಡ್ ಮಾಗುವುದು ತಡವಾಗಿ. ಮೊದಲ ವರ್ಷ ಚೆಂಡು ನೋಡಿಕೊಂಡು ಓಡುತ್ತಾನೆ, ಎರಡನೇ ವರ್ಷ ತಲೆ ಎತ್ತುತ್ತಾನೆ, ಮೂರನೇ ವರ್ಷ ಜಾಗಗಳು ಕಾಣತೊಡಗುತ್ತವೆ, ನಾಲ್ಕನೇ ವರ್ಷಕ್ಕೆ ಆಟ ಅವನದಾಗುತ್ತದೆ. ಸರಿಯಾಗಿ ಆ ಏಳನೇ ಸೆಮಿಸ್ಟರ್‌ನಲ್ಲೇ ಕಂಪನಿಗಳು ಕ್ಯಾಂಪಸ್ಸಿಗೆ ಬರುತ್ತವೆ. ಕಳೆದ ಸೀಸನ್ನಿನಲ್ಲಿ ನಾನು ನೋಡಿದ ಅಂತಿಮ ವರ್ಷದ ಗಾರ್ಡ್ ಒಬ್ಬ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆ ಮುಗಿಸಿ, ಫಾರ್ಮಲ್ ಪ್ಯಾಂಟಿನಲ್ಲೇ ಬಂದು, ಸ್ಕೂಟರಿನ ಮರೆಯಲ್ಲಿ ಚಡ್ಡಿ ಬದಲಿಸಿಕೊಂಡು ಎರಡನೇ ಕ್ವಾರ್ಟರ್‌ಗೆ ಇಳಿದ. ಇಳಿದ ಮೂರು ನಿಮಿಷದಲ್ಲಿ ತಂಡದ ಉಸಿರಾಟವೇ ಬದಲಾಯಿತು. ಮುಂದಿನ ಪಂದ್ಯಕ್ಕೆ ಅವನು ಬರಲಿಲ್ಲ, ಇಂಟರ್‌ವ್ಯೂ ಇತ್ತು. ತಂಡ ಸೋತಿತು. ಕೆಲಸ ಸಿಕ್ಕಿತೆಂದು ಆಮೇಲೆ ಗೊತ್ತಾಯಿತು. ಅವನದು ತಪ್ಪು ಅಂತ ಹೇಳುವ ಧೈರ್ಯ ಯಾರಿಗಿದೆ? ಮನೆಯಲ್ಲಿ ಸಾಲ ತೀರಿಸುವುದು ಅಸಿಸ್ಟ್‌ಗಳಲ್ಲ.

ಇದರ ಜೊತೆಗೆ ವಿಟಿಯುವಿನ ಶೇ. 85 ಹಾಜರಾತಿ. ಕ್ರೀಡಾಪಟುಗಳಿಗೆ ವಿನಾಯಿತಿ ಕಾಗದದ ಮೇಲಿದ್ದರೂ ಲ್ಯಾಬ್ ಇಂಟರ್ನಲ್ಸ್ ತಪ್ಪಿಸಿಕೊಂಡ ಹುಡುಗ ಆಮೇಲೆ ಎಷ್ಟು ಬಾಗಿಲು ತಟ್ಟಬೇಕು ಅನ್ನುವುದು ಆಡಿದವರಿಗೆ ಗೊತ್ತು. ಹೀಗಾಗಿ ಈ ಕಾಲೇಜುಗಳಲ್ಲಿ ಈ ವರ್ಷ ಚೆಂಡು ಹಿಡಿಯುವವರು ಬಹುಪಾಲು ಎರಡನೇ, ಮೂರನೇ ವರ್ಷದವರು. ಹೆಸರು ಬರೆಯುವುದಿಲ್ಲ. ಪಟ್ಟಿಗಳು ಇನ್ನೂ ಗಟ್ಟಿಯಾಗಿಲ್ಲ, ಹುಡುಗರಿಗೆ ಇನ್ನೂ ಹತ್ತೊಂಬತ್ತು ಇಪ್ಪತ್ತು. ಇಷ್ಟು ಹೇಳಬಲ್ಲೆ: ವೇಗ ಇದೆ, ಮೂರು ಅಂಕದ ಗೆರೆಯಾಚೆಗಿನ ಎಸೆತ ಹಿಂದಿನ ತಲೆಮಾರಿಗಿಂತ ತುಂಬಾ ಚೆನ್ನಾಗಿದೆ. ಆ ಗೆರೆ 2010ರಲ್ಲಿ 6.25 ಮೀಟರ್‌ನಿಂದ 6.75ಕ್ಕೆ ಹೋದಾಗ ಗೊಣಗಿದವರಲ್ಲಿ ನಾನೂ ಒಬ್ಬ. ಇವರಿಗೆ ಅದು ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ. ಕೊರತೆ ಇರುವುದು ನಿಲ್ಲುವುದರಲ್ಲಿ. ಮೂವರ ಮೇಲೆ ಇಬ್ಬರು ಓಡಿಬಂದಿದ್ದೇವೆ, ಈಗ ಬೇಡ, ಚೆಂಡು ಹೊರಗೆ ತಂದು ಮತ್ತೆ ಶುರು ಮಾಡೋಣ ಅನ್ನುವ ತೀರ್ಮಾನ ನಾನು ನೋಡಿದ ಅಭ್ಯಾಸ ಪಂದ್ಯಗಳಲ್ಲಿ ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು ಸಲ ಬಂತು.

ಹೆಜ್ಜೆಯ ಬಗ್ಗೆ ಒಂದು ತಕರಾರೂ ಇದೆ. ಓಡುತ್ತಾ ಚೆಂಡು ಹಿಡಿಯುವಾಗ 'ಶೂನ್ಯ ಹೆಜ್ಜೆ'ಯನ್ನು ಫಿಬಾ ನಿಯಮ ಒಪ್ಪಿದ್ದು 2017ರಲ್ಲಿ. ಅಂತರ ಕಾಲೇಜು ಪಂದ್ಯಗಳಲ್ಲಿ ಕೆಲವು ಹಿರಿಯ ತೀರ್ಪುಗಾರರ ಶಿಳ್ಳೆ ಈಗಲೂ ಹಳೆಯ ಲೆಕ್ಕದಲ್ಲೇ ಊದುತ್ತದೆ. ಇದರಲ್ಲಿ ಕಳೆದುಕೊಳ್ಳುವವರು ಗಾರ್ಡ್‌ಗಳು ಮಾತ್ರ.

"ಎತ್ತರ ಇಲ್ಲದೆ ಏನೂ ಆಗಲ್ಲ ಸಾರ್" ಅನ್ನುವವರಿಗೆ ನಾನು ಬೇರೆ ದೇಶಕ್ಕೆ ಕೈ ತೋರಿಸುವುದಿಲ್ಲ, ಕಂಠೀರವ ಒಳಾಂಗಣ ಕ್ರೀಡಾಂಗಣವನ್ನೇ ತೋರಿಸುತ್ತೇನೆ. ಜಯನಗರದಿಂದ ಐದಾರು ಕಿಲೋಮೀಟರ್. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿಗೆ ಬಂತು. ಬ್ಯಾಸ್ಕೆಟ್‌ಬಾಲ್ ಫೆಡರೇಶನ್ನಿನ ಅಧ್ಯಕ್ಷ ಸ್ಥಾನದಲ್ಲಿ ಆಗ ನಮ್ಮ ಕೆ. ಗೋವಿಂದರಾಜ್ ಇದ್ದರು ಅನ್ನುವುದೂ ಅದಕ್ಕೊಂದು ಕಾರಣ ಇರಬಹುದು. ಫೈನಲ್‌ನಲ್ಲಿ ದೈತ್ಯ ಆಸ್ಟ್ರೇಲಿಯಾವನ್ನು ಜಪಾನ್ 74-73ರಿಂದ ಸೋಲಿಸಿತು. ಅದೇ ಕೂಟದ ಬಿ ವಿಭಾಗದಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಮಣಿಸಿ ಮೇಲಿನ ವಿಭಾಗಕ್ಕೆ ಏರಿತು. 2019ರಲ್ಲಿ ಕೂಟ ಮತ್ತೆ ಇಲ್ಲಿಗೇ ಬಂತು. ಜಪಾನ್ ಮತ್ತೆ ಗೆದ್ದಿತು, ಈ ಸಲ ಚೀನಾ ವಿರುದ್ಧ 71-68. ಕೂಟದ ಶ್ರೇಷ್ಠ ಆಟಗಾರ್ತಿ ನಾಕೊ ಮೊತೊಹಾಶಿ, ಐದೂವರೆ ಅಡಿಗೂ ಕಡಿಮೆ ಎತ್ತರದ ಗಾರ್ಡ್. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಇನ್ನೂ ಗಿಡ್ಡ ಗಾರ್ಡ್, 162 ಸೆಂಟಿಮೀಟರಿನ ರುಯಿ ಮಚಿದಾ, ಫ್ರಾನ್ಸ್ ವಿರುದ್ಧ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಬರೆದರು. ಜಪಾನ್ ಬೆಳ್ಳಿ ಗೆದ್ದಿತು. ಎತ್ತರ ಕಮ್ಮಿ ಅನ್ನುವುದನ್ನು ಅವರು ಅಳುವುದಕ್ಕೆ ಬಳಸಲಿಲ್ಲ. ಐದೂ ಜನ ಹೊರಗೆ ಹರಡಿ ನಿಂತು, ಚೆಂಡನ್ನು ಕೈಯಿಂದ ಕೈಗೆ ಓಡಿಸಿ, ದೊಡ್ಡವರನ್ನು ಬುಟ್ಟಿಯಿಂದ ದೂರ ಎಳೆದರು. ನಮ್ಮೂರಲ್ಲೇ ಎರಡು ಸಲ ನಡೆದ ಪಾಠ ಇದು. ಆ ಗ್ಯಾಲರಿಯಲ್ಲಿ ಕೂತಿದ್ದ ಕಾಲೇಜು ಕೋಚ್‌ಗಳು ಕಡಿಮೆಯೇನಿರಲಿಲ್ಲ.

ಹುಡುಗಿಯರ ತಂಡಗಳಲ್ಲಿ ಈ ಪಾಠ ತುಸು ಬೇಗ ಇಳಿದಿದೆ ಅನ್ನುವುದು ನನ್ನ ಅಭಿಪ್ರಾಯ. ಕರ್ನಾಟಕದಿಂದ ನವನೀತಾ ಪಿ.ಯು., ಬಾಂಧವ್ಯ ಎಚ್.ಎಂ. ಭಾರತದ ಜರ್ಸಿ ತೊಟ್ಟರು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಎನ್‌ಸಿಎಎ ಮೊದಲ ವಿಭಾಗದ ಮಟ್ಟದಲ್ಲಿ ಆಡಿದರು. ಎದುರಿಗೆ ದಾರಿ ತೋರಿಸುವ ಹೆಸರುಗಳಿವೆ. ಇಲ್ಲಿಯೂ ಮೈಸೂರು ಮತ್ತು ವಿದ್ಯಾನಗರದ ಕ್ರೀಡಾ ಇಲಾಖೆಯ ಹಾಸ್ಟೆಲುಗಳಲ್ಲಿ ಪಳಗಿದ ಹುಡುಗಿಯರು ಪದವಿಗೆಂದು ಬೆಂಗಳೂರಿನ ಕಾಲೇಜುಗಳಿಗೆ ಬರುತ್ತಾರೆ. ಬೆಳಿಗ್ಗೆ ಸಂಜೆ ಪೂರ್ಣ ಅಂಕಣದಲ್ಲೇ ಆಡಿ ಬಂದವರಾದ್ದರಿಂದ ಪ್ರೆಸ್ ಕಂಡರೆ ಗಾಬರಿಯಾಗುವುದಿಲ್ಲ. ಹೊಸೂರು ರಸ್ತೆ, ಕೋರಮಂಗಲ, ಜಯನಗರದ ಮಹಿಳಾ ತಂಡಗಳಲ್ಲಿ ಈ ಸಲ ಇಬ್ಬಿಬ್ಬರು ಗಾರ್ಡ್‌ಗಳು ಚೆಂಡು ಹಂಚಿಕೊಂಡು ತರುವುದನ್ನು ಅಭ್ಯಾಸದಲ್ಲಿ ಕಂಡೆ. ಒಬ್ಬಳನ್ನು ಕಟ್ಟಿಹಾಕಿದರೆ ಇನ್ನೊಬ್ಬಳು. ಸರಳ ಉಪಾಯ. ಹುಡುಗರ ತಂಡಗಳಲ್ಲಿ ಮಾತ್ರ ಇನ್ನೂ 'ನಮ್ಮ ಪಾಯಿಂಟ್ ಇವನೊಬ್ಬನೇ' ಅನ್ನುವ ಹಠ, ಅವನಿಗೆ ಮೂರನೇ ಫೌಲ್ ಬಿದ್ದ ಕೂಡಲೇ ಬೆಂಚಿನಲ್ಲಿ ಮುಖಮುಖ ನೋಡಿಕೊಳ್ಳುವುದು.

ಹುಡುಗಿಯರಿಗೆ ಇರುವ ತೊಂದರೆ ಸಮಯದ್ದು. ಸಂಜೆ ಆರೂವರೆಯ ನಂತರ ಅಭ್ಯಾಸ ಅಂದರೆ ಮನೆಯಿಂದ ಫೋನು ಶುರು. ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಶುರುವಾದ ಮೇಲೆ ಬಿಟಿಎಂ, ರಾಗಿಗುಡ್ಡದ ಕಡೆಯವರಿಗೆ ಸ್ವಲ್ಪ ಹಗುರವಾಗಿದೆ. ಬನಶಂಕರಿ ಮೂರನೇ ಹಂತದ ಒಳಗಿನವರಿಗೆ ಬಸ್ಸೇ ಗತಿ.

ಇನ್ನು ನನ್ನ ಅಂದಾಜು, ತಪ್ಪಾದರೆ ಡಿಸೆಂಬರ್‌ನಲ್ಲಿ ಬೈಯಿರಿ. ಪುರುಷರಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳ ತಂಡಗಳು ಸ್ಥಳೀಯ ಆಹ್ವಾನಿತ ಟೂರ್ನಿಗಳನ್ನು ಆರಾಮಾಗಿ ಗೆಲ್ಲುತ್ತವೆ, ಆ ಗೆಲುವುಗಳು ಏನನ್ನೂ ಹೇಳುವುದಿಲ್ಲ. ಅವುಗಳ ಮೊದಲ ಗಾರ್ಡ್ ಗಟ್ಟಿ, ಎರಡನೆಯವನು ಯಾರೆಂದು ಗೊತ್ತಾಗುವುದು ದಕ್ಷಿಣ ವಲಯದ ಮೂರನೇ ದಿನ, ಕಾಲುಗಳು ಸೋತಾಗ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಸವನಗುಡಿಯ ಕಡೆ ಮೂರನೇ ವರ್ಷದವರು ಜಾಸ್ತಿ ಇರುವ ತಂಡಕ್ಕೆ ಅಂತರ ಕಾಲೇಜು ಮಟ್ಟದಲ್ಲಿ ನನ್ನ ಓಟು. ವಿಟಿಯು ಆಯ್ಕೆ ಸಮಿತಿಗೆ ನನ್ನದೊಂದು ಸಲಹೆ ಇದೆ, ಕೇಳುವುದಿಲ್ಲ ಅಂತ ಗೊತ್ತಿದ್ದೂ ಹೇಳುತ್ತೇನೆ: ಗಾರ್ಡ್‌ಗಳನ್ನು ಒಬ್ಬೊಬ್ಬರಾಗಿ ಆರಿಸಬೇಡಿ, ಒಂದೇ ಕಾಲೇಜಿನಲ್ಲಿ ಜೊತೆಯಾಗಿ ಆಡಿದ ಜೋಡಿಯನ್ನು ಆರಿಸಿ. ಶಿಬಿರದ ಹತ್ತು ದಿನ ಉಳಿಯುತ್ತದೆ.

ಪಂದ್ಯ ನೋಡಲು ಹೋಗುವವರು ಸ್ಕೋರ್‌ಬೋರ್ಡ್ ಬಿಟ್ಟು ಒಂದು ಸಲ ಎದುರಾಳಿ ಬುಟ್ಟಿ ಹಾಕಿದ ಮರುಕ್ಷಣವನ್ನು ನೋಡಿ. ಚೆಂಡು ಒಳಗೆ ಎಸೆಯಲು 5 ಸೆಕೆಂಡ್ ಇರುತ್ತದೆ. ಗಾರ್ಡ್ ಚೆಂಡಿಗೆ ಬೆನ್ನು ಹಾಕಿ ಮುಂದೆ ಓಡಿದನೋ, ಹಿಂದಿರುಗಿ ಕೈ ಚಾಚಿ ಕೇಳಿದನೋ? ನಾಲ್ಕನೇ ಕ್ವಾರ್ಟರ್‌ನಲ್ಲಿ, ಎರಡು ಅಂಕ ಹಿಂದಿರುವಾಗ, ಒಂದು ಸಲ ಚೆಂಡು ಕಳೆದುಕೊಂಡು ಕೋಚಿನಿಂದ ಬೈಸಿಕೊಂಡ ಮೇಲೂ ಹಿಂದೆ ಬಂದು ಕೈ ಚಾಚುವ ಹುಡುಗ ಈ ವರ್ಷ ಜಯನಗರ-ಬನಶಂಕರಿ ಕಡೆಯ ಹುಡುಗರ ತಂಡಗಳಲ್ಲಿ ನನಗೆ ಇಬ್ಬರು ಕಂಡಿದ್ದಾರೆ. ಒಬ್ಬ ಎರಡನೇ ವರ್ಷ ಬಿಕಾಂ. ಇನ್ನೊಬ್ಬ ಏಳನೇ ಸೆಮಿಸ್ಟರ್, ಅವನಿಗೆ ಮುಂದಿನ ವಾರ ಇಂಟರ್‌ವ್ಯೂ ಇದೆ.